ಒಬ್ಬರೇ ಹೊರಟ ತಾಯಿ: ಮತ್ತಿಗಿರಿಯಿಂದ ಸಿಂಗಪುರಕ್ಕೆ

ಹೊಸೂರಿಗೆ ಅಂಟಿಕೊಂಡಂತಿರುವ ಮತ್ತಿಗಿರಿಯನ್ನು ಇಂದು ಬೇರೆ ಊರೆಂದು ಗುರುತಿಸುವುದೇ ಕಷ್ಟ. 2011ರಲ್ಲಿ ಅದು ಹೊಸೂರು ನಗರಸಭೆಯೊಳಗೆ ಸೇರಿತು. 2019ರಲ್ಲಿ ಹೊಸೂರು ಮಹಾನಗರ ಪಾಲಿಕೆಯಾಯಿತು. ಆದರೂ ಹಳಬರಿಗೆ ಮತ್ತಿಗಿರಿ ಎಂದೊಡನೆ ನೆನಪಾಗುವುದು ದನದ ಫಾರಂ. 1824ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯಕ್ಕೆ ಬೇಕಾದ ಕುದುರೆಗಳಿಗಾಗಿ ಆರಂಭವಾದ ಆ ಲಾಯ, ಮುಂದೆ ಸರ್ಕಾರದ ಜಾನುವಾರು ಕ್ಷೇತ್ರವಾಗಿ ಬೆಳೆಯಿತು. 1,600 ಎಕರೆಗೂ ಮೀರಿದ ಅದರ ಹುಲ್ಲುಗಾವಲಿನ ಅಂಚಿನಲ್ಲಿ ನಡೆದು ಶಾಲೆಗೆ ಹೋದ ತಲೆಮಾರುಗಳು ಈ ಊರಿನಲ್ಲಿವೆ. ಮನೆಯಲ್ಲಿ ಕನ್ನಡ, ಪಕ್ಕದ ಬೀದಿಯಲ್ಲಿ ತೆಲುಗು, ಕಚೇರಿಯಲ್ಲಿ ತಮಿಳು, ಸಂತೆಯಲ್ಲಿ ಉರ್ದು. ಇವೆಲ್ಲವನ್ನೂ ಯಾರೂ ಕಲಿಸದೆ ಕಲಿತ ಜನ ಇಲ್ಲಿಯವರು. ಕನ್ನಡ ಬಿಟ್ಟು ಉಳಿದವು ಓದಲು ಬಾರದಿರಬಹುದು. ಮಾತಿಗೆ ಮಾತು ಕೊಡಲು ಮಾತ್ರ ಎಂದೂ ತಡವರಿಸಿದವರಲ್ಲ.

ಈ ಸೀಮೆಗೆ ಪರದೇಶ ಹೊಸದಲ್ಲ. ಹೊಸೂರಿನ ತಂಪು ಹವೆಯಲ್ಲಿ ಬೆಳೆದ ಗುಲಾಬಿ ಸಿಂಗಪುರ, ಮಲೇಷ್ಯಾ, ಗಲ್ಫ್ ನಾಡುಗಳಿಗೆ ವಿಮಾನದಲ್ಲಿ ಹೋಗುತ್ತದೆ. ಹೂವಿನ ಹಿಂದೆಯೇ ಮಕ್ಕಳೂ ಹೋದರು. ಮಕ್ಕಳ ಹಿಂದೆ ತಂದೆತಾಯಿಗಳು ಹೋದದ್ದುಂಟು. ಆದರೆ ಅವರ ಪ್ರಯಾಣಕ್ಕೆ ಬಹುಮಟ್ಟಿಗೆ ಒಂದೇ ಕಾರಣ. ಮಗಳ ಬಾಣಂತನ, ಇಲ್ಲವೇ ಮೊಮ್ಮಗುವನ್ನು ನೋಡಿಕೊಳ್ಳುವ ಕೆಲಸ. ಆರು ತಿಂಗಳು ಇದ್ದು ಬಂದ ತಾಯಿಯನ್ನು ಆ ಊರು ಹೇಗಿತ್ತೆಂದು ಕೇಳಿದರೆ, ಅಡುಗೆಮನೆಯ ಕಿಟಕಿಯಿಂದ ಕಂಡ ಒಂದು ಮರವನ್ನೋ ಎದುರು ಮನೆಯ ಬಾಗಿಲನ್ನೋ ವರ್ಣಿಸುತ್ತಾರೆ. ಯಾರ ಸೇವೆಗೂ ಅಲ್ಲದೆ, ತನ್ನ ಕಣ್ಣಿನ ಆಸೆಗಾಗಿ, ಒಬ್ಬರೇ ಹೊರಟ ತಾಯಿಯ ಸಂಗತಿ ಅಪರೂಪದ್ದು.

ವಯಸ್ಸು ಅಡ್ಡಿಯೆನ್ನುವವರಿಗೆ ಈ ಸೀಮೆಯಲ್ಲಿಯೇ ಒಂದು ಹಳೆಯ ಉತ್ತರವಿದೆ. ಹೊಸೂರಿಗೆ ಸಮೀಪದ ತೊರಪಳ್ಳಿಯಲ್ಲಿ 1878ರಲ್ಲಿ ಹುಟ್ಟಿದ ರಾಜಾಜಿಯವರು 1962ರಲ್ಲಿ, 83ನೆಯ ವಯಸ್ಸಿನಲ್ಲಿ, ಅಮೆರಿಕೆಗೆ ಹೋಗಿ ಅಧ್ಯಕ್ಷ ಕೆನಡಿಯವರನ್ನು ಕಂಡು ಅಣ್ವಸ್ತ್ರ ಪರೀಕ್ಷೆಗಳನ್ನು ನಿಲ್ಲಿಸಬೇಕೆಂದು ಕೇಳಿಕೊಂಡರು. ಅವರ ಜೊತೆಗಿದ್ದವರಲ್ಲಿ ಕನ್ನಡಿಗರಾದ ರಂಗನಾಥ ದಿವಾಕರರೂ ಒಬ್ಬರು. ಅದು ದೇಶದ ಕೆಲಸ, ದೊಡ್ಡವರ ಪ್ರಯಾಣ. ಇಲ್ಲಿ ಹೇಳಹೊರಟಿರುವುದು ಮತ್ತಿಗಿರಿಯ ಒಬ್ಬ ನಿವೃತ್ತ ಕನ್ನಡ ಶಿಕ್ಷಕಿಯ ಆರು ದಿನಗಳ ಸಣ್ಣ ಪ್ರಯಾಣವನ್ನು.

ಪಾಠದಲ್ಲಿದ್ದ ಊರು

ಊರಿನಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವರು ಕಡಿಮೆ. ಎಲ್ಲರಿಗೂ ಅವರು ಟೀಚರಮ್ಮ. ವಯಸ್ಸು 63. ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಯಲ್ಲಿ ಮೂರು ದಶಕ ಪಾಠ ಹೇಳಿ ನಿವೃತ್ತರಾದವರು. ಮಗ ಬೆಂಗಳೂರಿನ ಹೆಬ್ಬಾಳದಲ್ಲಿ, ಮಗಳು ಹೈದರಾಬಾದಿನಲ್ಲಿ. ಯಜಮಾನರು ತೀರಿಕೊಂಡು ನಾಲ್ಕು ವರ್ಷವಾಯಿತು.

ಸಿಂಗಪುರವೇ ಏಕೆ ಎಂಬ ಪ್ರಶ್ನೆಯನ್ನು ಮಕ್ಕಳು ಕೇಳಿದರು, ನೆಂಟರು ಕೇಳಿದರು, ವೀಸಾ ಮಾಡಿಸಿಕೊಟ್ಟ ಏಜೆಂಟನೂ ಕೇಳಿದ. ಅವರ ಉತ್ತರ ಸರಳವಾಗಿತ್ತು. ನೇತಾಜಿ ಸುಭಾಷಚಂದ್ರ ಬೋಸರು 1943ರ ಅಕ್ಟೋಬರ್ 21ರಂದು ಸಿಂಗಪುರದಲ್ಲಿ ಆಜಾದ್ ಹಿಂದ್ ಸರ್ಕಾರವನ್ನು ಘೋಷಿಸಿದರೆಂದು ಅವರು ವರ್ಷವರ್ಷವೂ ಮಕ್ಕಳಿಗೆ ಹೇಳಿದ್ದರು. ಭೂಪಟದ ತುದಿಯಲ್ಲಿ ಸಾಸಿವೆ ಕಾಳಿನಷ್ಟು ಇರುವ ಆ ಊರಿನ ಮೇಲೆ ಕೋಲಿಟ್ಟು ತೋರಿಸಿದ್ದರು. ತಾವೇ ಕಾಣದ ಊರನ್ನು ಮೂವತ್ತು ವರ್ಷ ತೋರಿಸಿದ್ದಾಯಿತು, ಈಗ ಒಮ್ಮೆ ನೋಡಿಬಿಡಬೇಕು ಎಂಬುದೇ ಅವರ ಕಾರಣ. ಯಜಮಾನರಿದ್ದಾಗ ಇಬ್ಬರೂ ಹೋಗುವುದೆಂದು ಮಾತಾಗಿತ್ತು. ಮಾತಾಡಿಕೊಂಡ ಇಬ್ಬರಲ್ಲಿ ಒಬ್ಬರು ಉಳಿದಿದ್ದರು.

ಮಗನ ಹೆದರಿಕೆ ಸುಳ್ಳಲ್ಲ. ಮಂಡಿನೋವಿದೆ, ರಕ್ತದೊತ್ತಡದ ಮಾತ್ರೆಯಿದೆ. “ಅಲ್ಲಿ ಬಿದ್ದುಬಿಟ್ಟರೆ ಯಾರಮ್ಮಾ ನೋಡೋರು?” ಎಂದು ಅವನು ಕೇಳಿದ. “ಇಲ್ಲಿ ಬಿದ್ದರೂ ಹೆಬ್ಬಾಳದಿಂದ ನೀನು ಬಂದು ಸೇರುವುದಕ್ಕೆ ಮೂರು ಗಂಟೆ ಬೇಕಲ್ಲಪ್ಪಾ” ಎಂದರು ತಾಯಿ. ಆ ಮಾತಿಗೆ ಅವನ ಬಳಿ ಉತ್ತರವಿರಲಿಲ್ಲ. ಸಿಲ್ಕ್ ಬೋರ್ಡಿನ ದಟ್ಟಣೆಯನ್ನು ಬಲ್ಲ ಯಾರಲ್ಲಿಯೂ ಇರಲಾರದು.

ಸಿದ್ಧತೆಯನ್ನು ಅವರು ಪಾಠ ಯೋಜನೆಯಂತೆಯೇ ಮಾಡಿದರು. 2025ರ ಆಗಸ್ಟಿನಲ್ಲಿ ಬೆಂಗಳೂರು ಮೆಟ್ರೋದ ಹಳದಿ ಮಾರ್ಗ ಬೊಮ್ಮಸಂದ್ರದವರೆಗೆ ತೆರೆದದ್ದು ಹೊಸೂರಿನವರಿಗೆ ದೊಡ್ಡ ಅನುಕೂಲ. ಅವರು ಬಸ್ಸಿನಲ್ಲಿ ಅತ್ತಿಬೆಲೆ ಗಡಿ ದಾಟಿ ಬೊಮ್ಮಸಂದ್ರಕ್ಕೆ ಹೋಗಿ, ಅಲ್ಲಿಂದ ಆರ್.ವಿ. ರಸ್ತೆಯವರೆಗೆ ಒಬ್ಬರೇ ಮೂರು ಸಲ ಹೋಗಿ ಬಂದರು. ಕಾರ್ಡನ್ನು ಯಂತ್ರಕ್ಕೆ ತೋರಿಸುವುದು, ಚಲಿಸುವ ಮೆಟ್ಟಿಲಿನ ಮೇಲೆ ಹೆಜ್ಜೆ ಇಡುವುದು, ಮಾರ್ಗ ಬದಲಿಸುವುದು, ಎಲ್ಲವೂ ಅಲ್ಲಿಯೇ ರೂಢಿಯಾಯಿತು. ಮಾತ್ರೆಗಳ ಜೊತೆಗೆ ವೈದ್ಯರ ಚೀಟಿಯನ್ನಿಟ್ಟುಕೊಂಡರು. ಹುರಿಹಿಟ್ಟು, ಚಟ್ನಿಪುಡಿ ಕಟ್ಟಿಕೊಂಡರು. ಗಸಗಸೆಯನ್ನು ಮಾತ್ರ ಮುಟ್ಟಲಿಲ್ಲ. ಸಿಂಗಪುರದಲ್ಲಿ ಅದನ್ನು ಮಾದಕವಸ್ತುವಿನ ಕಾನೂನಿನ ಕಣ್ಣಿನಿಂದ ನೋಡುತ್ತಾರೆ. ನಮ್ಮ ಕಡೆಯ ಅಡುಗೆಮನೆಯಲ್ಲಿ ಪಾಯಸಕ್ಕೂ ಸಾಗುವಿಗೂ ಬೀಳುವ ಆ ಕಾಳು ಅಲ್ಲಿ ಪ್ರಯಾಣಿಕರನ್ನು ತೊಂದರೆಗೆ ಸಿಲುಕಿಸಬಲ್ಲದು. ಇಳಿಯುವ ಮೂರು ದಿನಗಳ ಒಳಗೆ ತುಂಬಬೇಕಾದ ಆಗಮನ ಪತ್ರವನ್ನು ಅಲ್ಲಿನ ಸರ್ಕಾರದ ತಾಣದಲ್ಲಿ ಹಣವಿಲ್ಲದೆ ತುಂಬಬಹುದೆಂಬುದನ್ನೂ ತಿಳಿದುಕೊಂಡರು.

ಒಂದೇ ವರ್ಷದ ಎರಡು ಊರುಗಳು

ಬೆಂಗಳೂರಿನಿಂದ ಸಿಂಗಪುರಕ್ಕೆ ಸುಮಾರು 3,200 ಕಿಲೋಮೀಟರು. ನಾಲ್ಕೂವರೆ ಗಂಟೆಯ ಹಾರಾಟ. ಗಡಿಯಾರವನ್ನು ಎರಡೂವರೆ ಗಂಟೆ ಮುಂದಕ್ಕೆ ತಿರುಗಿಸಿಕೊಳ್ಳಬೇಕು. ಇಡೀ ದೇಶದ ವಿಸ್ತೀರ್ಣ 735 ಚದರ ಕಿಲೋಮೀಟರಿನಷ್ಟು; ಕೃಷ್ಣಗಿರಿ ಜಿಲ್ಲೆಯ ಏಳನೆಯ ಒಂದು ಪಾಲು. ಅಷ್ಟರೊಳಗೆ ಅರುವತ್ತು ಲಕ್ಷ ಜನ. ಕೃಷ್ಣಗಿರಿ ಜಿಲ್ಲೆಯಲ್ಲಿ 2011ರ ಗಣತಿಯಂತೆ ಇದ್ದವರು ಹತ್ತೊಂಬತ್ತು ಲಕ್ಷಕ್ಕೂ ಕಡಿಮೆ.

ಚಾಂಗಿ ವಿಮಾನನಿಲ್ದಾಣಕ್ಕೆ ಹೊಂದಿಕೊಂಡ ಗಾಜಿನ ಗುಮ್ಮಟದೊಳಗೆ 40 ಮೀಟರಿನ ಒಂದು ಜಲಪಾತವಿದೆ, 2019ರಲ್ಲಿ ಕಟ್ಟಿದ್ದು. ಹೊಗೇನಕಲ್ಲನ್ನು ಕಂಡವರಿಗೆ ನೀರು ಬೀಳುವುದು ಸೋಜಿಗವಲ್ಲ. ಮಾಡಿನ ಒಳಗೆ, ನೆಲ ನೆನೆಯದಂತೆ ನೀರನ್ನು ಬೀಳಿಸುವ ಅಚ್ಚುಕಟ್ಟು ಮಾತ್ರ ಸೋಜಿಗವೇ. ಟೀಚರಮ್ಮ ಅಲ್ಲಿ ಅರ್ಧ ಗಂಟೆ ಕುಳಿತು, ತಂದಿದ್ದ ಚಪಾತಿ ತಿಂದು, ರೈಲು ಹತ್ತಿದರು. ಎಕ್ಸ್‌ಪೋ ನಿಲ್ದಾಣದಲ್ಲಿ ಮಾರ್ಗ ಬದಲಿಸಿದರೆ ಲಿಟಲ್ ಇಂಡಿಯಾಕ್ಕೆ ನೇರ ರೈಲು. ಅವರು ಉಳಿಯಬೇಕಾಗಿದ್ದ ಸಣ್ಣ ಹೋಟೆಲು ಇದ್ದದ್ದು ಅಲ್ಲಿಯೇ.

ಲಿಟಲ್ ಇಂಡಿಯಾ ಎಂದರೆ ಸೆರಂಗೂನ್ ರಸ್ತೆಯ ಎರಡೂ ಬದಿಯ ಬೀದಿಗಳು. ಮೊದಲ ಬೆಳಿಗ್ಗೆ ಅವರು ಕಾಲಿಟ್ಟ ಬೀದಿಯ ಹೆಸರು ಬಫೆಲೋ ರೋಡ್, ಎಮ್ಮೆಯ ರಸ್ತೆ. ಅದಕ್ಕೆ ಸಮೀಪದಲ್ಲಿಯೇ ಕೆರ್ಬಾವ್ ರೋಡ್; ಮಲಯ ಭಾಷೆಯಲ್ಲಿ ಅದೂ ಎಮ್ಮೆಯೇ. ಇನ್ನೊಂದು ಕಡೆ ಲೆಂಬು ರೋಡ್, ಅಂದರೆ ದನದ ರಸ್ತೆ. ಹತ್ತೊಂಬತ್ತನೆಯ ಶತಮಾನದಲ್ಲಿ ಇದು ದನಕರುಗಳ ವ್ಯಾಪಾರದ ನೆಲ. ರೋಚೋರ್ ಹೊಳೆಯ ನೀರು, ಜೌಗು ನೆಲದ ಹುಲ್ಲು ಇದ್ದುದರಿಂದ ದನದ ದೊಡ್ಡಿಗಳು ಇಲ್ಲಿ ಬೆಳೆದವು. ದನ ಮೇಯಿಸಲು, ಹಾಲು ಮಾರಲು ಬಂದ ಭಾರತೀಯರಿಂದ ಕೇರಿ ಬೆಳೆಯಿತು. ಇಲ್ಲಿಯ ಹೆಸರಾಂತ ಹೆರಿಗೆ ಆಸ್ಪತ್ರೆಯನ್ನು ಎಲ್ಲರೂ ಕೆ.ಕೆ. ಎನ್ನುತ್ತಾರೆ; ಅದರ ಪೂರ್ಣ ಹೆಸರು ಕಂಡಂಗ್ ಕೆರ್ಬಾವ್, ಎಮ್ಮೆಯ ಕೊಟ್ಟಿಗೆ. ಬಹುಮಹಡಿ ಕಟ್ಟಡಗಳ ಈ ನಗರದಲ್ಲಿ ಈಗ ಒಂದು ಹಸುವಿನ ಗೊರಸಿನ ಗುರುತೂ ಇಲ್ಲ. ಹೆಸರುಗಳಲ್ಲಿ ಮಾತ್ರ ದೊಡ್ಡಿ ಉಳಿದಿದೆ.

ದನದ ಫಾರಂ ಊರಿನಿಂದ ಹೋದವರಿಗೆ ಇದಕ್ಕಿಂತ ಪರಿಚಿತವಾದ ವಿಳಾಸ ಬೇರೆ ಸಿಗದು. ಕುದುರೆಯ ನಂಟೂ ಅಲ್ಲಿದೆ. ಪಕ್ಕದ ರೇಸ್‌ಕೋರ್ಸ್ ರಸ್ತೆಯ ಮೈದಾನದಲ್ಲಿ 1843ರಿಂದ ತೊಂಬತ್ತು ವರ್ಷ ಕುದುರೆ ಪಂದ್ಯ ನಡೆಯಿತು. 1933ರಲ್ಲಿ ಅದನ್ನು ಬೇರೆಡೆಗೆ ಒಯ್ದರು. ಇನ್ನೂ ಹಿಂದಕ್ಕೆ ಹೋದರೆ ಎರಡು ಊರುಗಳಿಗೂ ಒಂದೇ ವರ್ಷ ಸಿಗುತ್ತದೆ. ಮತ್ತಿಗಿರಿಯಲ್ಲಿ ಕಂಪನಿಯ ಕುದುರೆಲಾಯ ಆರಂಭವಾದ 1824ರಲ್ಲಿಯೇ ಜೊಹೊರಿನ ಸುಲ್ತಾನನು ಒಪ್ಪಂದಕ್ಕೆ ಸಹಿ ಹಾಕಿ ಸಿಂಗಪುರವನ್ನು ಪೂರ್ತಿಯಾಗಿ ಅದೇ ಕಂಪನಿಗೆ ಬಿಟ್ಟುಕೊಟ್ಟನು. 1867ರವರೆಗೆ ಆ ದ್ವೀಪ ಭಾರತದ ಬ್ರಿಟಿಷ್ ಆಡಳಿತಕ್ಕೇ ಸೇರಿತ್ತು. ಇಲ್ಲಿಂದ ಸಿಪಾಯಿಗಳು ಹೋದರು, ಕೈದಿಗಳು ಹೋದರು. ಅಲ್ಲಿನ ಸೇಂಟ್ ಆಂಡ್ರೂಸ್ ಕೆಥೆಡ್ರಲ್ ಕಟ್ಟಿದ್ದು ಭಾರತದಿಂದ ಸಾಗಿಸಿದ ಕೈದಿಗಳ ಕೈಗಳು.

ಫಲಕದ ಮೇಲಿನ ಭಾಷೆ, ಮನೆಯೊಳಗಿನ ಭಾಷೆ

ಸಿಂಗಪುರದಲ್ಲಿ ಆಡಳಿತ ಭಾಷೆಗಳು ನಾಲ್ಕು: ಮಲಯ, ಮ್ಯಾಂಡರಿನ್, ತಮಿಳು, ಇಂಗ್ಲಿಷ್. ರೈಲು ನಿಲ್ದಾಣದ ಎಚ್ಚರಿಕೆಯ ಫಲಕದಲ್ಲಿ ನಾಲ್ಕೂ ಇರುತ್ತವೆ. ನೋಟಿನ ಮೇಲೆ ದೇಶದ ಹೆಸರು ನಾಲ್ಕರಲ್ಲಿಯೂ ಅಚ್ಚಾಗಿದೆ. ಅಲ್ಲಿನ ನಿವಾಸಿಗಳಲ್ಲಿ ಭಾರತೀಯ ಮೂಲದವರೆಲ್ಲ ಸೇರಿ ನೂರಕ್ಕೆ ಒಂಬತ್ತರಷ್ಟು ಮಾತ್ರ. ಆದರೂ ಅಲ್ಪಸಂಖ್ಯಾತರ ಒಂದು ಭಾಷೆಗೆ ರಾಜ್ಯಾಂಗದಲ್ಲಿಯೇ ಜಾಗ ಕೊಟ್ಟಿದ್ದಾರೆ.

ಗಡಿನಾಡಿನ ಕನ್ನಡ ಶಿಕ್ಷಕಿಗೆ ಈ ಫಲಕಗಳು ಬರೀ ದಾರಿ ತೋರುವ ಫಲಕಗಳಲ್ಲ. ತಮಿಳುನಾಡಿನಲ್ಲಿ 2006ರ ತಮಿಳು ಕಲಿಕೆ ಕಾಯ್ದೆಯ ಬಳಿಕ ಒಂದನೆಯ ತರಗತಿಯಿಂದ ಹಂತಹಂತವಾಗಿ ತಮಿಳು ಕಡ್ಡಾಯವಾಯಿತು. ಹೊಸೂರು ಕಡೆಯ ಕನ್ನಡ ಮತ್ತು ತೆಲುಗು ಶಾಲೆಗಳ ಮಕ್ಕಳು ಮಾತೃಭಾಷೆಯ ಅಂಕಗಳಿಗಾಗಿ, ಪರೀಕ್ಷೆಯ ವಿನಾಯಿತಿಗಾಗಿ ವರ್ಷಗಟ್ಟಲೆ ಮನವಿ ಹಿಡಿದು ಓಡಾಡಬೇಕಾಯಿತು. ಟೀಚರಮ್ಮನಿಗೆ ತಮಿಳಿನ ಮೇಲೆ ಮುನಿಸಿಲ್ಲ. ಅವರ ಗೆಳತಿಯರಲ್ಲಿ ಅರ್ಧ ಜನ ತಮಿಳರೇ. ಸೇವೆಯ ಕೊನೆಯ ವರ್ಷಗಳಲ್ಲಿ ತಮ್ಮ ತರಗತಿಯ ಹಾಜರಿ ಪುಸ್ತಕ ತೆಳ್ಳಗಾಗುತ್ತ ಬಂದದ್ದನ್ನು ಅವರು ದಿನವೂ ಕಂಡಿದ್ದರು, ಅಷ್ಟೆ. ಪರದೇಶದ ರೈಲುನಿಲ್ದಾಣದಲ್ಲಿ, ಅಲ್ಪಸಂಖ್ಯಾತರದಾದರೂ ಮರ್ಯಾದೆಯಿಂದ ನಿಂತ ತಮಿಳು ಅಕ್ಷರಗಳ ಮುಂದೆ ಅವರು ಬಹಳ ಹೊತ್ತು ನಿಂತರು. ಸಂತೋಷವಾಯಿತು. ಹೊಸೂರಿನ ಬಸ್‌ನಿಲ್ದಾಣದ ನೆನಪೂ ಬಂತು.

ಆದರೆ ಫಲಕ ಕಥೆಯ ಅರ್ಧ ಮಾತ್ರ. 2020ರ ಜನಗಣತಿಯಂತೆ ಅಲ್ಲಿನ ಐದು ವರ್ಷ ಮೇಲ್ಪಟ್ಟ ನಿವಾಸಿಗಳಲ್ಲಿ ಮನೆಯೊಳಗೆ ಹೆಚ್ಚಾಗಿ ಇಂಗ್ಲಿಷ್ ಆಡುವವರು ಶೇ. 48.3, ತಮಿಳು ಆಡುವವರು ಶೇ. 2.5. ಹತ್ತು ವರ್ಷ ಹಿಂದೆ ತಮಿಳಿನ ಪಾಲು ಇದಕ್ಕಿಂತ ಹೆಚ್ಚಿತ್ತು. ಸರ್ಕಾರ ಶಾಲೆ ಕೊಟ್ಟಿದೆ, ದೂರದರ್ಶನ ಕೊಟ್ಟಿದೆ, ನೋಟಿನ ಮೇಲೆ ಅಕ್ಷರ ಕೊಟ್ಟಿದೆ. ಊಟಕ್ಕೆ ಕುಳಿತಾಗ ಮಗುವಿನೊಡನೆ ಯಾವ ಮಾತಾಡಬೇಕೆಂಬುದನ್ನು ಸರ್ಕಾರ ಕೊಡಲಾರದು. ಹೋಟೆಲಿನ ಕೌಂಟರಿನಲ್ಲಿದ್ದ ನಡುವಯಸ್ಸಿನ ತಮಿಳು ಹೆಂಗಸು, ತನ್ನ ಮಗ ತಮಿಳಿನಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾನೆಂದು ನಗುತ್ತಲೇ ಹೇಳಿದಾಗ, ಟೀಚರಮ್ಮನಿಗೆ ಹೆಬ್ಬಾಳದ ಮೊಮ್ಮಗ ನೆನಪಾದ. ಕರ್ನಾಟಕದ ರಾಜಧಾನಿಯಲ್ಲಿ ಬೆಳೆಯುತ್ತಿರುವ ಆ ಎಂಟು ವರ್ಷದ ಹುಡುಗನಿಗೆ ಕನ್ನಡ ಮಾತು ಬರುತ್ತದೆ, ಓದು ಬಾರದು. ಗಡಿಯಾಚೆ ಇದ್ದುಕೊಂಡು ಕನ್ನಡ ಕಲಿಸಿದವರ ಮೊಮ್ಮಗ ಗಡಿಯೀಚೆಗೆ ಬಂದು ಕನ್ನಡದ ಅಕ್ಷರ ಕಳೆದುಕೊಂಡಿದ್ದಾನೆ.

ಸಿಂಗಪುರದ ಕನ್ನಡಿಗರ ಮನೆಗಳಲ್ಲಿ ಈ ಕಷ್ಟ ಇನ್ನೂ ಒಂದು ಪಟ್ಟು ಹೆಚ್ಚು. ಅಲ್ಲಿನ ಶಾಲೆಗಳಲ್ಲಿ ಭಾರತೀಯ ಮಕ್ಕಳು ತಮಿಳನ್ನಾಗಲಿ, ಇಲ್ಲವೇ ಹಿಂದಿ, ಬಂಗಾಳಿ, ಗುಜರಾತಿ, ಪಂಜಾಬಿ, ಉರ್ದು ಇವುಗಳಲ್ಲಿ ಒಂದನ್ನಾಗಲಿ ಮಾತೃಭಾಷೆಯಾಗಿ ಓದಬಹುದು. ಆ ಪಟ್ಟಿಯಲ್ಲಿ ಕನ್ನಡವಿಲ್ಲ. ಆದುದರಿಂದ ಕನ್ನಡ ಉಳಿಯುವುದು ಮನೆಯಲ್ಲಿ ಮತ್ತು ಅಲ್ಲಿನ ಕನ್ನಡ ಸಂಘದಂಥ ಕೂಟಗಳಲ್ಲಿ. ಶಾಲೆಯಿಲ್ಲದ ಕಡೆ ಭಾಷೆಯನ್ನು ಹಿಡಿದಿಡುವ ಕೆಲಸ ಹೊಸೂರಿಗೂ ಸಿಂಗಪುರಕ್ಕೂ ಒಂದೇ ತೆರನದು.

ದೋಬಿ ಘಾಟಿನ ಸಂಜೆ

ಮೂರನೆಯ ದಿನ ಪಾಠದ ಊರನ್ನು ನೋಡುವ ದಿನ. ಬೆಳಿಗ್ಗೆ ಫ್ಯಾರರ್ ಪಾರ್ಕಿಗೆ ಹೋದರು. ಹಿಂದೆ ಕುದುರೆ ಓಡಿದ ಆ ಮೈದಾನದಲ್ಲಿ 1942ರ ಫೆಬ್ರುವರಿ 17ರಂದು, ಸಿಂಗಪುರ ಜಪಾನಿಗೆ ಶರಣಾದ ಎರಡು ದಿನಕ್ಕೆ, ಸುಮಾರು 45,000 ಭಾರತೀಯ ಸೈನಿಕರನ್ನು ಸೇರಿಸಿ ಬ್ರಿಟಿಷರು ಜಪಾನೀಯರ ವಶಕ್ಕೊಪ್ಪಿಸಿದರು. ಭಾರತೀಯ ರಾಷ್ಟ್ರೀಯ ಸೇನೆಯ ಬೀಜ ಬಿದ್ದದ್ದು ಅಂದು. ಮಧ್ಯಾಹ್ನ ಕೆಥೇ ಕಟ್ಟಡದ ಮುಂದೆ ನಿಂತರು. ನೇತಾಜಿ ಸರ್ಕಾರ ಘೋಷಿಸಿದ್ದು ಅಲ್ಲಿನ ಚಿತ್ರಮಂದಿರದಲ್ಲಿ. ಹಳೆಯ ಮುಂಭಾಗವನ್ನು ಉಳಿಸಿಕೊಂಡು ಹಿಂದೆ ಹೊಸ ಕಟ್ಟಡ ಎಬ್ಬಿಸಿದ್ದಾರೆ. ಝಾನ್ಸಿ ರಾಣಿ ದಳಕ್ಕೆ ಸೇರಿದ ಹೆಣ್ಣುಮಕ್ಕಳಲ್ಲಿ ಬಹಳ ಮಂದಿ ಮಲಯದ ರಬ್ಬರ್ ತೋಟಗಳ ಕೂಲಿಯವರ ಮಕ್ಕಳು, ಹೆಚ್ಚಿನವರು ತಮಿಳರು. ಭಾರತವನ್ನೇ ಕಾಣದ ಎಷ್ಟೋ ಹುಡುಗಿಯರು ಭಾರತಕ್ಕಾಗಿ ಬಂದೂಕು ಹಿಡಿದರು. ಪುಸ್ತಕದಲ್ಲಿ ಒಂದೇ ಸಾಲಿನಲ್ಲಿ ಮುಗಿದುಹೋಗುತ್ತಿದ್ದ ಸಂಗತಿ ಅದು. ಆ ಸಾಲಿನ ಮೇಲೆ ತರಗತಿಯಲ್ಲಿ ಇನ್ನೂ ಸ್ವಲ್ಪ ನಿಲ್ಲಬೇಕಿತ್ತೆಂದು ಶಿಕ್ಷಕಿಗೆ ಅನ್ನಿಸಿತು.

ಅದರ ಕೆಳಗಿನ ರೈಲುನಿಲ್ದಾಣದ ಹೆಸರು ದೋಬಿ ಘಾಟ್. ಭಾರತದ ಅಗಸರು ಅಲ್ಲಿನ ಹೊಳೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಕಾಲದ ಹೆಸರು. ಇಂದು ಮೂರು ಮಾರ್ಗಗಳು ನೆಲದಡಿಯ ಬೇರೆ ಬೇರೆ ಅಂತಸ್ತುಗಳಲ್ಲಿ ಸೇರುವ ಜಂಕ್ಷನ್ ಅದು. ಸಂಜೆಯ ನೂಕುನುಗ್ಗಲಿನಲ್ಲಿ ಟೀಚರಮ್ಮ ದಾರಿ ತಪ್ಪಿದರು. ಒಂದು ಮೆಟ್ಟಿಲು ಹೆಚ್ಚಾಗಿ ಇಳಿದು, ಮತ್ತೆ ಹತ್ತಿ, ತಿರುಗಿ ಬಂದದ್ದು ಮೊದಲಿನ ಕಂಬದ ಬಳಿಗೇ. ಮಂಡಿ ಹಿಡಿದುಕೊಂಡಿತು. ಫೋನಿನ ಬ್ಯಾಟರಿ ತೀರುತ್ತ ಬಂದಿತ್ತು. ಮಗ ಹೇಳಿದ್ದೇ ನಿಜವಾಯಿತೇನೋ ಎಂಬ ಅಳುಕು ಆಗ ಬಂದದ್ದುಂಟು.

ಕಂಬದ ಪಕ್ಕದಲ್ಲಿ ಒಬ್ಬ ತರುಣ ಕೆಲಸದ ಚೀಲ ಹಿಡಿದು ನಿಂತಿದ್ದ. ತಮಿಳಿನಲ್ಲಿ ಕೇಳಿದರು, ಅರೆಮನಸ್ಸಿನ ತಮಿಳಿನಲ್ಲಿ ಉತ್ತರ ಬಂತು. ಆ ಉಚ್ಚಾರದಲ್ಲಿ ಬೇರೆ ಮಾತಿನ ಎಳೆಯಿರುವುದನ್ನು ಗುರುತಿಸಲು ಹೊಸೂರಿನವರಿಗೆ ಹೊತ್ತು ಹಿಡಿಯುವುದಿಲ್ಲ. ತೆಲುಗಿಗೆ ಹೊರಳಿದರು. ಅವನ ಮುಖವೇ ಬೇರೆಯಾಯಿತು. “ಅಮ್ಮಾ, ಮೀದಿ ಏ ಊರು?” ಎಂದ. ಆಂಧ್ರದ ಹಳ್ಳಿಯ ಹುಡುಗ. ಕಟ್ಟಡದ ಕೆಲಸಕ್ಕೆ ಬಂದು ಮೂರು ವರ್ಷ. ಅವರ ಚೀಲವನ್ನು ತಾನೇ ಹೊತ್ತು, ಲಿಫ್ಟಿನ ಬಳಿಗೆ ಕರೆದೊಯ್ದು, ಈಶಾನ್ಯ ಮಾರ್ಗದ ಗಾಡಿಗೆ ಹತ್ತಿಸಿ, ತಾನೂ ಹತ್ತಿದ. ಲಿಟಲ್ ಇಂಡಿಯಾ ಮುಂದಿನ ನಿಲ್ದಾಣವೇ.

ಇಳಿದ ಮೇಲೆ ಅವನು ಸಂಕೋಚದಿಂದ ಒಂದು ಮಾತು ಕೇಳಿದ. ತನ್ನ ಊರಿನಲ್ಲಿರುವ ತಾಯಿಗೆ ಫೋನು ಹಚ್ಚುತ್ತೇನೆ, ಎರಡು ಮಾತಾಡಬಹುದೇ ಎಂದು. ಕೂಲಿ ಪರವಾನಗಿಯ ಮೇಲೆ ಬಂದವರು ಅಲ್ಲಿಗೆ ಕುಟುಂಬವನ್ನು ಕರೆತಂದು ಇರಿಸಿಕೊಳ್ಳುವಂತಿಲ್ಲ. ಟಿಕೆಟ್ಟು ಕೊಟ್ಟು ಕರೆಸಿ ಊರು ತೋರಿಸುವ ಶಕ್ತಿಯೂ ಅವರಿಗಿರುವುದು ಅಪರೂಪ. ಮಗ ಕಟ್ಟುವ ಊರನ್ನು ತಾಯಿ ನೋಡಿಲ್ಲ, ಬಹುಶಃ ನೋಡುವುದೂ ಇಲ್ಲ. ಟೀಚರಮ್ಮ ಫೋನು ತೆಗೆದುಕೊಂಡು, ಊರು ಶುಭ್ರವಾಗಿದೆ, ಊಟ ಸಿಗುತ್ತದೆ, ನಿಮ್ಮ ಮಗ ನನ್ನನ್ನು ಜೋಪಾನವಾಗಿ ಮನೆ ಸೇರಿಸಿದ ಎಂದು ತೆಲುಗಿನಲ್ಲಿ ಹೇಳಿದರು. ಆ ಕಡೆಯಿಂದ ಬಂದ ಮೊದಲ ಪ್ರಶ್ನೆ, “ವಾಡು ಸನ್ನಬಡ್ಡಾಡಾ ಅಮ್ಮಾ?” ಹುಡುಗ ಬಡವಾಗಿದ್ದಾನೆಯೇ ಎಂದು. ಇಲ್ಲವೆಂದರು. ಬಿಸಿಲಿಗೆ ಕಪ್ಪಾಗಿದ್ದಾನೆ, ಗಟ್ಟಿಯಾಗಿದ್ದಾನೆ ಎಂದರು. ತಾಯಿಯ ಪರವಾಗಿ ತಾಯಿಯೊಬ್ಬರು ಕಂಡು ಹೇಳಿದ ಸಾಕ್ಷಿ ಅದು.

ಮತ್ತಿಗಿರಿಯಲ್ಲಿ ಹುಟ್ಟಿದವರು ತಮ್ಮ ಮಾತನ್ನು ಕುರಿತು ನಾಚಿಕೊಳ್ಳುವುದುಂಟು. ಬೆಂಗಳೂರಿಗೆ ಹೋದರೆ ಕನ್ನಡ ಕಲಬೆರಕೆ ಎನ್ನುತ್ತಾರೆ, ಧರ್ಮಪುರಿಯ ಆಚೆ ಹೋದರೆ ತಮಿಳು ಸರಿಯಿಲ್ಲ ಎನ್ನುತ್ತಾರೆ. ಎರಡು ಕಡೆಯೂ ಅರೆಬರೆ ಎನಿಸಿಕೊಂಡ ಆ ನಾಲಿಗೆಯೇ ಪರದೇಶದ ನೆಲಮಾಳಿಗೆಯಲ್ಲಿ ಕೈಹಿಡಿಯಿತು. ಇಂಗ್ಲಿಷನ್ನು ನಂಬಿಕೊಂಡು ಹೋಗಿದ್ದರೆ ದಾರಿ ಸಿಗುತ್ತಿತ್ತು. ಆ ತಾಯಿಯ ಧ್ವನಿ ಸಿಗುತ್ತಿರಲಿಲ್ಲ.

ಹೂವು, ಊಟ, ಆರು ಕಾರ್ಡು

ಉಳಿದ ದಿನಗಳು ನಿರಾಳವಾಗಿ ಕಳೆದವು. 1859ರಲ್ಲಿ ನೆಟ್ಟು ಬೆಳೆಸಲಾರಂಭಿಸಿದ ಸಸ್ಯೋದ್ಯಾನಕ್ಕೆ 2015ರಲ್ಲಿ ವಿಶ್ವ ಪರಂಪರೆಯ ಮನ್ನಣೆ ಸಿಕ್ಕಿತು. ಒಳಗೆ ಹೋಗಲು ಹಣ ಕೊಡಬೇಕಾಗಿಲ್ಲ. ಮಲಯದ ರಬ್ಬರ್ ಕೃಷಿಗೆ ದಾರಿಮಾಡಿಕೊಟ್ಟ ಪ್ರಯೋಗಗಳು ನಡೆದದ್ದು ಇಲ್ಲಿಯೇ. ಅಂದರೆ ಝಾನ್ಸಿ ರಾಣಿ ದಳದ ಹುಡುಗಿಯರ ತಂದೆತಾಯಿಗಳನ್ನು ಸಮುದ್ರ ದಾಟಿಸಿದ ಬೆಳೆಯ ಮೂಲ ಈ ತೋಟದಲ್ಲಿದೆ. ಟೆಕ್ಕಾ ಮಾರುಕಟ್ಟೆಯ ಬಳಿ ಹೂಮಾರುವವರ ಸಾಲಿನಲ್ಲಿ ಮಲ್ಲಿಗೆ, ಚೆಂಡುಹೂ, ಗುಲಾಬಿಗಳ ಮಾಲೆಗಳಿದ್ದವು. ಗುಲಾಬಿ ಯಾವ ಊರಿನದೆಂದು ಹೂವಾಡಿಗನಿಗೆ ತಿಳಿಯದು. ಕೇಳಿದವರಿಗೆ ಮಾತ್ರ ತಮ್ಮ ಊರಿನದೇ ಇರಬಹುದೆಂಬ ಆಸೆ. ಊಟಕ್ಕೆ 1947ರಿಂದ ನಡೆಯುತ್ತಿರುವ ಕೋಮಲ ವಿಲಾಸವಿತ್ತು. ಬಾಳೆಎಲೆ, ಅನ್ನ, ಸಾರು. ಮುದ್ದೆಯೊಂದು ಇರಲಿಲ್ಲ. ಹುರಿಹಿಟ್ಟು ಆ ಕೊರತೆಯನ್ನು ತುಂಬಿತು.

ಪ್ರತಿದಿನ ರಾತ್ರಿ ಅವರು ಒಂದು ಚಿತ್ರದ ಕಾರ್ಡು ಬರೆದರು, ಮೊಮ್ಮಗನಿಗೆ, ಕನ್ನಡದಲ್ಲಿ. ಎಮ್ಮೆಯ ರಸ್ತೆಯ ಬಗ್ಗೆ ಒಂದು, ಚಾಲಕನಿಲ್ಲದೆ ಓಡುವ ರೈಲಿನ ಬಗ್ಗೆ ಒಂದು, ದೋಬಿ ಘಾಟಿನ ಅಣ್ಣನ ಬಗ್ಗೆ ಒಂದು. ಅವರು ಊರಿಗೆ ಮರಳಿದ ಮೇಲೆ ಕಾರ್ಡುಗಳು ಒಂದೊಂದಾಗಿ ಹೆಬ್ಬಾಳಕ್ಕೆ ಬಂದವು. ಐದನ್ನು ಅಪ್ಪನೇ ಓದಿ ಹೇಳಿದ. ಆರನೆಯದನ್ನು ಓದಿಕೊಡಬಾರದೆಂದು ಅಜ್ಜಿಯ ಕಟ್ಟಪ್ಪಣೆ. ಹುಡುಗ ಭಾನುವಾರಗಳಲ್ಲಿ ಮತ್ತಿಗಿರಿಗೆ ಬಂದು ಅಕ್ಷರ ತಿದ್ದುತ್ತಿದ್ದಾನೆ. ಕಾಗುಣಿತ ಮುಗಿದು ಒತ್ತಕ್ಷರ ನಡೆಯುತ್ತಿದೆ. ಕಾರ್ಡಿನಲ್ಲಿ ಒತ್ತಕ್ಷರಗಳು ಬಹಳವಿವೆಯೆಂದು ಅವನ ದೂರು.

ಈಗ ಸಂಜೆ ಹೊತ್ತು ಟೀಚರಮ್ಮನ ಜಗಲಿಗೆ ಬರುವ ಹೆಂಗಸರ ಪ್ರಶ್ನೆಗಳು ಬೇರೆ. ಎಷ್ಟು ಖರ್ಚಾಯಿತು, ರಾತ್ರಿ ಭಯವಾಗಲಿಲ್ಲವೇ, ಪಾಸ್‌ಪೋರ್ಟಿಗೆ ಯಾವ ಯಾವ ಕಾಗದ ಬೇಕು, ಮಕ್ಕಳು ಬೇಡವೆಂದರೆ ಏನು ಹೇಳುವುದು. ಎಲ್ಲರೂ ಹೊರಡಲಾರರು. ಕೈಯಲ್ಲಿ ಪಿಂಚಣಿಯಿರುವವರು ಕೆಲವರೇ, ಮನೆಯ ಹೊಣೆಯಿಂದ ಬಿಡುಗಡೆಯಾದವರು ಇನ್ನೂ ಕೆಲವರು. ಆದರೆ ಕೇಳುವುದಕ್ಕೇ ಇದುವರೆಗೆ ಯಾರೂ ಬಂದಿರಲಿಲ್ಲ. ಬಂದವರಿಗೆಲ್ಲ ಟೀಚರಮ್ಮ ಮೊದಲು ಹೇಳುವುದು ಒಂದೇ ಮಾತು: “ಮೊದಲು ಬೊಮ್ಮಸಂದ್ರದಿಂದ ಒಬ್ಬರೇ ರೈಲು ಹತ್ತಿ ಹೋಗಿಬನ್ನಿ. ಆಮೇಲೆ ಮಾತಾಡೋಣ.”